ಒತ್ತಿ ಹಿಡಿದು

ಬ್ಯಾಡಗಿಯಲ್ಲಿ ಸೀನು ಯಾರಪ್ಪನ ಮಾತೂ ಕೇಳುವುದಿಲ್ಲ.
ಸೋಮವಾರ, ಗುರುವಾರ ಪೇಟೆಯಲ್ಲಿ ಚೀಲ ಬಿಚ್ಚಿದರೆ
ಗಾಳಿಯೇ ಕೆಂಪು.
ಇಪ್ಪತ್ತಾರು ವರ್ಷದಿಂದ ನನ್ನ ತಲೆಯ ಮೇಲೆ
'ಶಾಂತತೆ ಕಾಪಾಡಿ' ಎಂಬ ತಗಡಿನ ಬೋರ್ಡು,
ಅದರ ಕೆಳಗೇ ಪೇಪರು ಓದುವವರ
ಆಕ್ಷೀ, ಆಕ್ಷೀ.
ಉಳಿದ ಸದ್ದಿಗೆಲ್ಲ ನಾನಿದ್ದೆ:
ಒಮ್ಮೆ ಕಣ್ಣು ಬಿಟ್ಟರೆ
ಕುರ್ಚಿ ಎಳೆಯುವವನು ಎತ್ತಿ ಇಡುತ್ತಿದ್ದ.

ಹೋದ ವರ್ಷ ಹಾವೇರಿಯಿಂದ ಆದೇಶ ಬಂತು,
ಸಿಬ್ಬಂದಿಯೆಲ್ಲ ಆನ್‌ಲೈನ್ ತರಬೇತಿಗೆ ಹಾಜರಾಗತಕ್ಕದ್ದು.
ಪರದೆ ತುಂಬ ಚೌಕ ಚೌಕ ಮುಖಗಳು,
ಹಳೇ ಕಾರ್ಡು ಪೆಟ್ಟಿಗೆಯ ಖಾನೆಗಳೆಲ್ಲ ಕಣ್ಣು ಬಿಟ್ಟಂತೆ.
ನನ್ನ ಸರದಿಗೆ ಐದು ನಿಮಿಷ ಹೇಳಿದೆ,
ಗೆದ್ದಲು ತಿಂದ ಕಪಾಟು, ಸೋರುವ ಮೂಲೆ, ಎಲ್ಲ.
"ದಾನಮ್ಮಾರ, ನೀವು ಮ್ಯೂಟ್‌ನ್ಯಾಗ ಅದೀರಿ" ಅಂದರು ಸಾಹೇಬರು.
"ಲೈಬ್ರರಿಯಾಕಿ ಸರ್, ರೂಢಿ" ಅಂದೆ.
ಅದೂ ಅವರಿಗೆ ಕೇಳಿಸಲಿಲ್ಲ.

ಕಲಿಸಿದವನು ದಾದಾಪೀರ,
ಎಫ್‌ಡಿಎ ಪರೀಕ್ಷೆಗೆ ನಾಲ್ಕನೇ ಸಲ ಓದುತ್ತ
ಕಿಟಕಿಯ ಜಾಗ ಬಿಡದವನು.
"ಇಲ್ಲಿ ಒತ್ತಿ ಹಿಡೀರಿ ಮೇಡಂ. ಮಾತಾಡ್ರಿ.
ಬಿಟ್ರಿ ಅಂದ್ರ ಹೋತು."
ಬಿಟ್ಟರೆ ಹೋಯಿತು. ಮಾತಿನ ಬಗ್ಗೆ
ನಮ್ಮವ್ವ ಹೇಳುತ್ತಿದ್ದದ್ದೂ ಅದನ್ನೇ.
"ತಪ್ಪಾದ್ರ?"
"ಅಳಸಬಹುದ್ರಿ. ಎಲ್ಲಾರ ಫೋನಿಂದನೂ."
ಅವ್ವನ ಕಾಲಕ್ಕೆ ಇದೊಂದಿದ್ದಿದ್ದರೆ
ಓಣಿಯ ಎಷ್ಟು ಮನೆಗಳ ನಡುವೆ
ಗೋಡೆ ಏಳುತ್ತಿರಲಿಲ್ಲವೋ.

ಯಾರಿಗೆ ಕಳಿಸಲಿ ಎಂಬುದೇ ತಿಳಿದಿರಲಿಲ್ಲ.

ನಮ್ಮ ಹಿತ್ತಲಿಗೆ ಹತ್ತಿದ ಶೆಡ್ಡಿನಲ್ಲಿ
ಮೆಣಸಿನಕಾಯಿ ತುಂಬು ಬಿಡಿಸುವ ಹೆಂಗಸರು
ನಮ್ಮ ನಳಕ್ಕೆ ನೀರಿಗೆ ಬರುತ್ತಾರೆ, ಹೋಗುತ್ತಾರೆ.
ಒಂದು ದಿನ ಕೆಂಚವ್ವ ಬಾಗಿಲಲ್ಲೇ ನಿಂತಳು.
ಒಳಗ ಬಾ, ಒಂದು ಪುಸ್ತಕ ನೋಡು, ಅಂದೆ.
ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡಳು.
"ಬ್ಯಾಡವಾ, ಕೈ ಖಾರ.
ನನ್ನ ಹಿಂದ ಓದಾವರ ಕಣ್ಣು ಉರೀತಾವ."

ಇಷ್ಟು ವರ್ಷದಲ್ಲಿ, ಸದಸ್ಯರೊಬ್ಬರೂ
ತಮ್ಮ ನಂತರ ಓದುವವರ ಬಗ್ಗೆ
ಇಂಥದೊಂದು ಮಾತು ಆಡಿದ್ದು ನೆನಪಿಲ್ಲ.

ಅಂದು ಸಂಜೆ ಬಾಗಿಲು ಹಾಕಿ
ಹಕ್ಕಿಗಳ ಪುಸ್ತಕ ತೆಗೆದೆ. ದಿನಕ್ಕೊಂದು ಪುಟ.
ಒತ್ತಿ ಹಿಡಿದು ಓದಿದೆ, ಹೆಬ್ಬೆರಳು ಜೋಮು ಹಿಡಿಯಿತು.
ಮೇಲಕ್ಕೆ ಸರಿಸಿದರೆ ತಾನೇ ನಿಲ್ಲುತ್ತದೆಂದು
ದಾದಾಪೀರ ಹೇಳಿದ್ದು ಎಂಟನೇ ದಿನ,
ನಗುತ್ತ.

ಶೆಡ್ಡಿನಲ್ಲಿ ಎಲ್ಲರಿಗೂ ಸೇರಿ ಒಂದೇ ಫೋನು,
ಪ್ಲಾಸ್ಟಿಕ್ ಚೀಲದಲ್ಲಿ ಮೊಳೆಗೆ ತೂಗಿದ್ದು.
ಯಾರ ಬೆರಳೂ ಮುಟ್ಟುವಂತಿಲ್ಲ,
ಕೆಂಚವ್ವ ಮೊಳಕೈಯಿಂದ ಒತ್ತುತ್ತಾಳಂತೆ.

ಹದಿನಾರನೇ ದಿನ ಉತ್ತರ ಬಂತು. ನಲವತ್ತೊಂದು ಸೆಕೆಂಡು.
ಮೊದಲಿಗೆ ಮಾತೇ ಇಲ್ಲ.
ಒಣ ತುಂಬು ಮುರಿಯುವ ಸದ್ದು,
ಒಂದು ಕೆಮ್ಮು, ಯಾರದೋ ಬಳೆ.
ಮೊಳಕೈ ತಾಗಿ ತಾನೇ ಹೋಗಿರಬೇಕು ಅಂದುಕೊಂಡೆ.
ಕೊನೆಗೆ ಅವಳ ದನಿ, ತುಸು ಜಬರಿಸುವಂತೆ:
"ಅದಕ್ಕ ಕೆಂಬೂತ ಅಂತಾರೇನು?
ಅದು ನಮ್ಮ ರತ್ನಪಕ್ಷಿ, ತಂಗಿ.
ಮುಂಜಾನೆ ಕಂಡ್ರ ದಿನಾ ಛಲೋ ಹೋಗ್ತದ.
ನಿನ್ನ ಬುಕ್ಕಿನ್ಯಾಗ ಬರಕೋ."

ಬರಕೋ ಅಂತೆ!
ಅಂಚಿನಲ್ಲಿ ಗೆರೆ ಎಳೆದ ಹೆಡ್‌ಮಾಸ್ತರರಿಂದಲೂ
ದಂಡ ಕಟ್ಟಿಸಿಕೊಂಡವಳು ನಾನು.
ಪೆನ್ಸಿಲ್ ಚೂಪು ಮಾಡಿದೆ. ಬಾಗಿಲ ಕಡೆ ನೋಡಿದೆ.
ಎಪ್ಪತ್ತೆರಡನೇ ಪುಟದ ಅಂಚಿನಲ್ಲಿ, ಸಣ್ಣಗೆ,
'ರತ್ನಪಕ್ಷಿ' ಎಂದು ಬರೆದು
ಕೆಳಗೆ ಕೆಂಚವ್ವನ ಹೆಸರೂ ಹಾಕಿದೆ.
ಐದು ರೂಪಾಯಿ ಡಬ್ಬಿಗೆ ಹಾಕಿ
ರಸೀದಿ ಹರಿದೆ, ನನ್ನದೇ ಹೆಸರಿಗೆ.

ಇವತ್ತು ಗೂಬೆಯ ಪುಟ.
ಅಪಶಕುನ ಅಂತ ಬೈದಾರೋ,
ನನಗೆ ತಿಳಿಯದ್ದೇನಾದರೂ ಹೇಳಿಯಾರೋ.
ಒತ್ತಿ ಹಿಡಿದಿದ್ದೇನೆ.
ಮೂಗಿನ ತುದಿಗೆ ಸೀನೊಂದು
ಬಂದು ನಿಂತಿದೆ.